ಆರು ವರ್ಷದ ಕಾಲಿಗೆ ಅಪ್ಪನ ಶಿಖರ

ನನ್ನ ತಮ್ಮ ಹಿರೇಕೆರೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದಾನೆ. ಮುಂಜಾನೆ ಕುರ್ಚಿಯಲ್ಲಿ ಕುಳಿತರೆ ಕತ್ತಲಾದ ಮೇಲೆ ಏಳುವ ಮನುಷ್ಯ. ನಲವತ್ತು ತುಂಬುವುದರೊಳಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಡಾಕ್ಟರು ನಡೆಯಿರಿ ಎಂದರು. ನಡೆಯಲು ಶುರು ಮಾಡಿದವನು ಆಮೇಲೆ ನಿಲ್ಲಲೇ ಇಲ್ಲ. ಮೊದಲು ಊರ ಹೊರಗಿನ ರಸ್ತೆ, ಆಮೇಲೆ ಸುತ್ತಲಿನ ಗುಡ್ಡಗಳು, ಆಮೇಲೆ ತಿಂಗಳಿಗೊಮ್ಮೆ ಘಟ್ಟ. ಹಾನಗಲ್ಲು, ಶಿಗ್ಗಾವಿ, ಸವಣೂರು ಕಡೆಯವರೂ ಸೇರಿ ಹತ್ತು ಹನ್ನೆರಡು ಜನರ ಒಂದು ಗುಂಪೇ ಆಯಿತು. ತಮ್ಮನ ಹೊಟ್ಟೆ ಕರಗಿತು, ಮುಖಕ್ಕೆ ಕಳೆ ಬಂತು. ನನಗೆ ಸಂತೋಷವೇ ಆಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬೆಟ್ಟ ಹತ್ತುವವರ ಮೇಲೆ ನನಗೆ ಸಿಟ್ಟಿಲ್ಲ. ಹತ್ತಲಿ. ಅವರ ಕಾಲು, ಅವರ ಉಸಿರು.

ಅವನಿಗೆ ಆಗ ಒಬ್ಬಳೇ ಮಗಳು. ಆರು ವರ್ಷ, ಒಂದನೇ ಇಯತ್ತೆ, ಮುಂದಿನ ಎರಡು ಹಲ್ಲು ಬಿದ್ದು ನಕ್ಕರೆ ಕಿಟಕಿ ತೆರೆದಂತೆ ಕಾಣುವ ಬಾಯಿ. ಒಂದು ರವಿವಾರ ಮನೆಮಂದಿಯೆಲ್ಲ ಗೊಟಗೋಡಿಗೆ ಹೋಗಿದ್ದೆವು. ರಾಕ್ ಗಾರ್ಡನ್ ನೋಡಿ ಬರುವಾಗ ದಾರಿ ಪಕ್ಕದ ಸಣ್ಣ ಕಲ್ಲುದಿಬ್ಬವೊಂದನ್ನು ಅವಳು ಓಡಿ ಹತ್ತಿದಳು. ತುದಿಯಲ್ಲಿ ನಿಂತು ಕೂಗಿದಳು, ಬೇಸರವಾಯಿತು, ಇಳಿದು ಬಂದು ಐಸ್ ಕ್ಯಾಂಡಿ ಕೇಳಿದಳು. ಮಕ್ಕಳು ಹತ್ತುವುದೇ ಹಾಗೆ. ಆದರೆ ಅವರಪ್ಪ ಅದರ ವಿಡಿಯೊ ತೆಗೆದು ಗುಂಪಿಗೆ ಹಾಕಿದ. ನಾವು ಊಟಕ್ಕೆ ಕೂರುವಷ್ಟರಲ್ಲಿ ಹೊಗಳಿಕೆ ಸುರಿಯತೊಡಗಿತ್ತು. ಅವನು ತುತ್ತು ಬಿಟ್ಟು ಫೋನು ನೋಡುತ್ತ ಕುಳಿತಿದ್ದ. ಆ ಮುಖ ನೋಡಿಯೂ ನನಗೆ ಮುಂದಿನದು ಹೊಳೆಯಲಿಲ್ಲ.

ದಸರಾ ರಜೆ ಮುಗಿಯುವ ಹೊತ್ತಿಗೆ ತಮ್ಮನ ಹೆಂಡತಿ ಫೋನು ಮಾಡಿದಳು. ದುಂಡಸಿಯ ಒಕ್ಕಲು ಮನೆತನದ ಹುಡುಗಿ, ಎತ್ತರದ ದನಿಯಲ್ಲಿ ಮಾತಾಡಿದವಳೇ ಅಲ್ಲ. ಆಗ ಐದು ತಿಂಗಳ ಬಸುರಿ.

"ಅಕ್ಕಾರ, ಇವರು ಕೂಸಿನ್ನ ಘಟ್ಟಕ್ಕ ಕರಕೊಂಡು ಹೊಂಟಾರ. ನಾ ಬ್ಯಾಡ ಅಂದ್ರ ಕೇಳವಲ್ರು. ನೀವರ ಒಂದು ಮಾತು ಹೇಳ್ರಿ."

ನಾನು ತಕ್ಷಣ ತಮ್ಮನಿಗೆ ಫೋನು ಹಚ್ಚಿದೆ.

"ಎಷ್ಟು ದೂರ ಐತೋ?"

"ಹೋಗಿ ಬರಾಕ ಇಪ್ಪತ್ತು ಕಿಲೋಮೀಟರ್ ಅಷ್ಟ. ಮುಂಜಾನೆ ಹತ್ತಿದ್ರ ಸಂಜಿಗೆ ಕೆಳಗ."

"ಅಷ್ಟ ಅಂತೀಯಲ್ಲೋ, ಆಕಿಗೆ ಆರು ವರ್ಷ!"

"ಅದಕ್ಕ ಅಕ್ಕಾ! ಆರು ವರ್ಷದಾಗ ಆ ಶಿಖರ ಹತ್ತಿದವರು ನಮ್ಮ ಕಡೆ ಒಬ್ಬರೂ ಇಲ್ಲ. ಆಕಿನ್ನ ಕೇಳೇನಿ. ಹೂಂ ಅಂದಾಳ."

ನಾನು ಹಾನಗಲ್ಲಿನಲ್ಲಿ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಇಪ್ಪತ್ತಾರು ವರ್ಷದಿಂದ ಈ ವಯಸ್ಸಿನ ಮಕ್ಕಳ ಹೂಂ ಕೇಳುತ್ತ ಬಂದಿದ್ದೇನೆ. ಚಂದ್ರನ ಮೇಲೆ ಹೋಗೋಣವೇ ಅಂದರೂ ಹೂಂ ಅನ್ನುತ್ತವೆ. ಇಪ್ಪತ್ತು ಕಿಲೋಮೀಟರ್ ಎಂದರೆ ಎಷ್ಟು ಅಂತ ಅವಕ್ಕೆ ಗೊತ್ತಿಲ್ಲ. ಚಳಿ ಎಂದರೆ ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಆಗುವ ಚಳಿ, ದಣಿವು ಎಂದರೆ ಕುಂಟೆಬಿಲ್ಲೆ ಆಡಿ ಆಗುವ ದಣಿವು. ಅಪ್ಪನ ಕೈ ಹಿಡಿದು ಎಲ್ಲಿಗೋ ಹೋಗುವುದು, ಅದೊಂದೇ ಅವಕ್ಕೆ ತಿಳಿಯುವ ಸಂಗತಿ. ಅಂಥ ಹೂಂ ಅನ್ನು ಒಪ್ಪಿಗೆ ಎಂದು ಎಣಿಸುವುದಕ್ಕೆ ಎಷ್ಟು ಧೈರ್ಯ ಬೇಕು!

ಬೈದೆ, ಕಣ್ಣೀರು ಸುರಿಸಿದೆ, ಅವ್ವನ ಆಣೆ ಹಾಕಿದೆ. ಅವನು ಬಗ್ಗಲಿಲ್ಲ. ಕೊನೆಗೆ, "ಹಂಗಾದ್ರ ನಾನೂ ಬರ್ತೇನಿ" ಅಂದೆ. ನನಗೆ ಐವತ್ತರ ಹತ್ತಿರ ವಯಸ್ಸಾದರೂ ನಡಿಗೆಗೆ ಅಂಜುವವಳಲ್ಲ.

ಘಟ್ಟದ ಆ ಶಿಖರದ ಹೆಸರನ್ನು ಬೇಕಂತಲೇ ಬರೆಯುವುದಿಲ್ಲ. ಬೆಟ್ಟದ್ದೇನೂ ತಪ್ಪಿರಲಿಲ್ಲ.

ಶನಿವಾರ ಮಧ್ಯಾಹ್ನ ಹಿರೇಕೆರೂರಿನಿಂದ ಟೆಂಪೊದಲ್ಲಿ ಹೊರಟು ಸಂಜೆಗೆ ಬೆಟ್ಟದ ಬುಡ ಸೇರಿದೆವು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ಸವಣೂರಿನ ಒಬ್ಬ ವೀಳ್ಯದೆಲೆ ತೋಟದವರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಅರವತ್ತರ ಹತ್ತಿರ, ಕಡ್ಡಿಯಂಥ ಮೈ. ದಿನಾ ಏಣಿ ಹತ್ತಿ ಎಲೆ ಕೊಯ್ಯುವ ಕಾಲು ಅವರವು. ಕುರುಕಲು ತಿಂಡಿ ಸವಣೂರು ಖಾರದ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚುತ್ತ ಹುಡುಗಿಯ ಹತ್ತಿರ ಬಂದವರು ಕೈ ಹಿಂದೆಗೆದು ತಮ್ಮನ ಕಡೆ ತಿರುಗಿದರು.

"ಈ ಕೂಸಿನ್ನ ಇಲ್ಲೇ ಬಿಟ್ಟು ಹೋಗ್ತೀರಿಲ್ರಿ ಸಾವ್ಕಾರ?"

"ಇಲ್ರಿ ಚಾಚಾ! ಆಕೀನ ನಾಳಿನ ಹೀರೋಯಿನ್."

"ಮಳಿ ಇನ್ನ ಹೋಗಿಲ್ರಿ. ಮ್ಯಾಲ ಗಾಳಿ ಭಾಳ ಇರತೈತಿ. ಸ್ವಲ್ಪ ವಿಚಾರ ಮಾಡ್ರಿ."

ತಮ್ಮ ನಕ್ಕ. ಉಳಿದವರೂ ನಕ್ಕರು. ಚಾಚಾ ಒಂದು ಹಿಡಿ ಖಾರವನ್ನು ಹುಡುಗಿಯ ಅಂಗೈಗೆ ಹಾಕಿದರು.

ಮರುದಿನ ಬೆಳಕು ಹರಿಯುತ್ತಲೇ ಕಾಡಿನ ಗೇಟಿಗೆ ಬಂದೆವು. ಹತ್ತು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ ಎಂದು ಬೋರ್ಡು ದೊಡ್ಡ ಅಕ್ಷರದಲ್ಲೇ ಇತ್ತು. ತಮ್ಮ ಮಗಳ ಮುಂದೆ ಮಂಡಿಯೂರಿ ಕುಳಿತು ಹೇಳಿಕೊಡುತ್ತಿದ್ದ. "ಎಷ್ಟು ವರ್ಷ ಅಂತ ಕೇಳಿದ್ರ ಏನಂತಿ?"

"ಹತ್ತು."

"ಶಾಣ್ಯಾ. ಬಾಯಿ ಮುಚ್ಚಿಕೊಂಡು ಹೇಳು. ಹಲ್ಲು ಕಾಣಬಾರದು."

ಗಾರ್ಡು ವಯಸ್ಸಾದವರು. ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು. ಅವಳು ತುಟಿ ಬಿಗಿಹಿಡಿದು "ಹತ್ತು" ಅಂದಳು. ಅವರಿಗೆ ನಂಬಿಕೆ ಬರಲಿಲ್ಲ. ತಮ್ಮ ವಾದಕ್ಕೆ ನಿಂತ. ಸಣ್ಣ ಮೈಕಟ್ಟು, ನಮ್ಮ ಮನೆತನವೇ ಹಾಗೆ, ಬೇಕಾದರೆ ಟೀಚರ್ ಆಗಿರುವ ನಮ್ಮ ಅಕ್ಕನನ್ನು ಕೇಳಿ, ಏನೇನೋ. ಗಾರ್ಡು ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಮೇಡಂ, ನೀವು ಟೀಚರ್ ಅಂತೀರಿ. ನೀವೇ ಹೇಳಿ. ಮಗುವಿಗೆ ಎಷ್ಟು ವಯಸ್ಸು?"

ಹಿಂದೆ ಹನ್ನೊಂದು ಜನ ಚೀಲ ಹೊತ್ತು ನಿಂತಿದ್ದರು. ತಮ್ಮ ನನ್ನನ್ನೇ ನೋಡುತ್ತಿದ್ದ. ಎಲ್ಲರ ಎದುರು ಅವನನ್ನು ಸುಳ್ಳುಗಾರನನ್ನಾಗಿ ಮಾಡುವುದು ಹೇಗೆ ಅನ್ನಿಸಿತು. ಅಷ್ಟೇ ಅನ್ನಿಸಿದ್ದು. ಮಗುವಿನ ವಿಚಾರ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇರಲೇ ಇಲ್ಲ.

"ಹತ್ತು" ಅಂದೆ.

ಗಾರ್ಡು ಬರೆದುಕೊಂಡರು.

ಮೊದಲ ಎರಡು ತಾಸು ಕಾಡಿನ ನೆರಳು. ಹುಡುಗಿ ಮಗ್ಗಿ ಹೇಳುತ್ತ, ಜಿಗಣೆ ಕಂಡರೆ ಕಿರುಚಿ ನಗುತ್ತ ನಡೆದಳು. ತಮ್ಮ ಮುಂದೆ ಹಿಂದೆ ಓಡಾಡಿ ವಿಡಿಯೊ ತೆಗೆಯುತ್ತಿದ್ದ. ಕಾಡು ಮುಗಿದು ಹುಲ್ಲಿನ ಬೋಳು ಏರು ಶುರುವಾಯಿತು. ಬಿಸಿಲು ಚುರುಗುಟ್ಟಿತು, ಅವಳ ಅಂಗಿ ಬೆವರಿಗೆ ತೊಯ್ದು ಮೈಗಂಟಿತು. ಮಗ್ಗಿ ನಿಂತಿತು. ಹನ್ನೊಂದರ ಹೊತ್ತಿಗೆ ಮೋಡ ಇಳಿಯಿತು. ಬಿಸಿಲು ಎತ್ತಲೋ ಹೋಗಿ ಗಾಳಿ ಎದ್ದು ಹನಿ ಬೀಳತೊಡಗಿತು.

"ಆಕಿ ಅಂಗಿ ಬದಲಿ ಮಾಡೂಣು. ಒಣಾ ಅರಿವಿ ಎಲ್ಲಿ ಐತಿ?" ಎಂದು ಕೇಳಿದೆ.

ತಮ್ಮ ಚೀಲ ತೆಗೆದ. ಅದರಲ್ಲಿ ತುದಿಯಲ್ಲಿ ಹಿಡಿಯುವುದಕ್ಕೆ ಬಾವುಟ ಇತ್ತು. ಫೋನಿಗೆ ಹಚ್ಚುವ ಬ್ಯಾಟರಿ ಇತ್ತು, ಫೋನು ತೊಯ್ಯದಂತೆ ಪ್ಲಾಸ್ಟಿಕ್ ಚೀಲ ಇತ್ತು. ಮಗುವಿಗೆ ಒಂದು ಒಣ ಅಂಗಿ ಇರಲಿಲ್ಲ. ಫೋನು ತೊಯ್ಯಬಾರದು ಎಂದು ಹೊಳೆದಿತ್ತು ಅವನಿಗೆ!

ನನ್ನ ಸ್ವೆಟರ್ ತೊಡಿಸಿದೆ. ಮೊಣಕಾಲಿನವರೆಗೆ ಬಂತು. ಕೈ ಮುಟ್ಟಿದರೆ ಮಣ್ಣಿನ ಗಡಿಗೆಯಷ್ಟು ತಂಪು. ಹಲ್ಲು ಕಟಕಟ ಅನ್ನುತ್ತಿತ್ತು. ಬೆಳಿಗ್ಗೆಯಿಂದ ಒಮ್ಮೆಯೂ ಮೂತ್ರಕ್ಕೆ ಹೋಗಿಲ್ಲ ಎಂಬುದು ಆಗ ನೆನಪಾಯಿತು.

"ಸಾಕೋ, ಇಲ್ಲಿಂದ ತಿರುಗೂಣು."

"ಅಕ್ಕಾ, ಇನ್ನ ಅರ್ಧಾ ತಾಸು. ಇಷ್ಟು ಬಂದು ಯಾರರ ತಿರುಗ್ತಾರೇನು?" ಎಂದವನೇ ಮಗಳ ಮುಖಕ್ಕೆ ಫೋನು ಹಿಡಿದ. "ಹೇಳು ಬಂಗಾರಿ, ದಣಿವಾಗೇತೇನು?"

ಅವಳು ಅಪ್ಪನ ಮುಖ ನೋಡಿದಳು. "ಇಲ್ಲ."

"ಚಳಿ ಆಗಾಕತ್ತೈತೇನು?"

"ಇಲ್ಲ."

"ನೋಡಿದ್ಯಾ?" ಎಂದು ನನ್ನ ಕಡೆ ಗೆದ್ದವನಂತೆ ತಿರುಗಿದ. ಮುಂದೆ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಶಭಾಷ್ ಅಂದರು. ಓದಿದವರು, ಮನೆಯಲ್ಲಿ ಮಕ್ಕಳಿದ್ದವರು. ಚಾಚಾ ಒಬ್ಬರೇ, "ಕೂಸಿನ ತುಟಿ ನೋಡ್ರಿ, ನೀಲಿ ಆಗೇತಿ" ಅಂದರು. ದಾರಿ ತೋರಿಸಲು ಬಂದಿದ್ದ ಸ್ಥಳೀಯನೂ ಇಳಿಯುವುದೇ ಒಳ್ಳೆಯದು ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತುದಿಯ ಹತ್ತಿರ ಬಂಡೆಗಳು. ಮಂಜಿನಲ್ಲಿ ಹತ್ತು ಮಾರಿನಾಚೆ ಏನೂ ಕಾಣುತ್ತಿರಲಿಲ್ಲ. ಹುಡುಗಿಯ ನಡುಕ ನಿಂತಿತ್ತು. ಚಳಿ ಕಡಿಮೆಯಾಯಿತೇನೋ ಅಂದುಕೊಂಡೆ. ನಡುಕ ನಿಲ್ಲುವುದೇ ಹೆಚ್ಚಿನ ಅಪಾಯ ಎಂದು ಡಾಕ್ಟರು ಹೇಳಿ ತಿಳಿದದ್ದು ಆಮೇಲೆ. ಅವಳು ನಿದ್ದೆಗಣ್ಣಿನಲ್ಲಿ ನಡೆಯುವವಳ ಹಾಗೆ ಕಾಲು ಎಳೆಯುತ್ತಿದ್ದಳು. ನಾನು ಬಿಗಿಯಾಗಿ ಕೈ ಹಿಡಿದಿದ್ದೆ. ಮೇಲಿನ ಬಂಡೆಯಿಂದ ತಮ್ಮ ಕೂಗಿದ.

"ಅಕ್ಕಾ, ಒಂದು ನಾಕು ಹೆಜ್ಜಿ ಆಕಿ ಕೈ ಬಿಡು. ಫೋಟೊದಾಗ ನೀ ಬರಾಕತ್ತಿ."

ಬಿಟ್ಟೆ. ಯಾಕೆ ಬಿಟ್ಟೆ ಎಂದು ನನ್ನನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ. ಜಗಳವಾಡಿ ಸಾಕಾಗಿತ್ತು, ನಾಲ್ಕೇ ಹೆಜ್ಜೆ ತಾನೆ ಅನ್ನಿಸಿತು. ಅವಳು ಎರಡು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ತೊಯ್ದ ಬಂಡೆಯ ಮೇಲೆ ಕಾಲು ಜಾರಿತು. ಒಂದು ಸದ್ದೂ ಇಲ್ಲದೆ ಪಕ್ಕದ ಇಳಿಜಾರಿನಲ್ಲಿ ಜಾರಿ ಹೋದಳು. ಎರಡಾಳುದ್ದ ಕೆಳಗೆ ಒಂದು ಪೊದೆ ತಡೆಯಿತು. ಆ ಪೊದೆಯ ಆಚೆ ಏನಿತ್ತು ಎಂಬುದನ್ನು ಮಂಜು ಮುಚ್ಚಿತ್ತು.

ದಾರಿ ತೋರಿಸುವವನೂ ಚಾಚಾನೂ ಕುಂಡಿಯ ಮೇಲೆ ಜಾರುತ್ತ ಇಳಿದು ಅವಳನ್ನು ಎತ್ತಿ ತಂದರು. ಬಲಗೈ ಮೊಣಕೈಯ ಹತ್ತಿರ ತಿರುಚಿತ್ತು. ಅಳಲಿಲ್ಲ. ಅದೇ ನನ್ನ ಎದೆ ಒಡೆಸಿದ್ದು. ಆರು ವರ್ಷದ ಮಗು ಮೂಳೆ ಮುರಿದುಕೊಂಡು ಅಳುತ್ತಿಲ್ಲ. "ಅತ್ತೀ, ನಿದ್ದಿ ಬರಾಕತ್ತೈತಿ" ಅಂತ ತೊದಲಿದಳು, ಅಷ್ಟೇ.

ತಮ್ಮ ಬಂಡೆಯ ಮೇಲೆ ನಿಂತಲ್ಲೇ ನಿಂತಿದ್ದ. ಚಾಚಾ ಅವನ ಕಡೆ ನೋಡಲೂ ಇಲ್ಲ. ತೊಯ್ದ ಬಟ್ಟೆ ಬಿಚ್ಚಿಸಿ, ತಾವು ತೊಟ್ಟ ಬನಿಯನ್ನು, ತಮ್ಮದೇ ಚೀಲದಲ್ಲಿದ್ದ ಒಣ ಟವೆಲ್ಲು, ಲುಂಗಿ, ಎಲ್ಲವನ್ನೂ ಸುತ್ತಿದರು. ಮುರಿದ ಕೈಯನ್ನು ನನ್ನ ಓಢಣಿಯಿಂದ ಎದೆಗೆ ಬಿಗಿದರು. ಅವಳನ್ನು ಬೆನ್ನಿಗೆ ಹಾಕಿಸಿಕೊಂಡು ಇನ್ನೊಂದು ಬಟ್ಟೆಯಿಂದ ತಮ್ಮ ನಡುವಿಗೆ ಕಟ್ಟಿಸಿಕೊಂಡರು.

"ಟೀಚರ್ರ, ನೀವು ಹಿಂದ ಬರ್ರಿ. ಆಕಿ ಕೂಡ ಮಾತಾಡ್ತಾ ಇರ್ರಿ. ಮಲಗಾಕ ಬಿಡಬ್ಯಾಡ್ರಿ."

ನಾಲ್ಕು ತಾಸು ಇಳಿದೆವು. ನಾನು ಎಲ್ಲ ಮಗ್ಗಿ ಕೇಳಿದೆ, ಅವಳ ಗೆಳತಿಯರ ಹೆಸರು ಕೇಳಿದೆ, ಹುಟ್ಟಲಿರುವ ಕೂಸಿಗೆ ಏನು ಹೆಸರಿಡೋಣ ಅಂತ ಕೇಳಿದೆ. ಒಮ್ಮೊಮ್ಮೆ ಉತ್ತರ ಬರುತ್ತಿತ್ತು, ಒಮ್ಮೊಮ್ಮೆ ಇಲ್ಲ. ಬರದಾಗ ಕಾಲು ಚಿವುಟುತ್ತಿದ್ದೆ. ತಮ್ಮ ಎರಡು ಸಲ ನಾನು ಹೊರುತ್ತೇನೆ ಅಂತ ಮುಂದೆ ಬಂದ. ಚಾಚಾ, "ಬ್ಯಾಡ್ರಿ" ಅಂದರು, ಅಷ್ಟೇ. ಕಾಡಿನೊಳಗೆ ಗಾಳಿ ತಗ್ಗಿದ ಮೇಲೆ ಒಂದು ಕಡೆ ಅವಳಿಗೆ ಮತ್ತೆ ನಡುಕ ಬಂತು, ಆಮೇಲೆ ಅಳು ಬಂತು. ಜೋರಾಗಿ, ಅವ್ವಾ ಅವ್ವಾ ಎಂದು ಅತ್ತಳು. ಅಷ್ಟು ಸಮಾಧಾನ ಕೊಟ್ಟ ಅಳು ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಗೇಟಿನಲ್ಲಿದ್ದ ಆ ಗಾರ್ಡು ಚಾಚಾನ ಬೆನ್ನ ಮೇಲಿದ್ದ ಗಂಟನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಜೀಪಿನವನಿಗೆ ಫೋನು ಮಾಡಿ ತಾವೇ ಮುಂದೆ ಕುಳಿತು ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರಮ್ಮ ಕೈ ನೋಡಿ, ಮೈ ಬಿಸಿ ಮಾಡಲು ವ್ಯವಸ್ಥೆ ಮಾಡಿ, ಚೀಟಿ ತೆಗೆದುಕೊಂಡರು. ವಯಸ್ಸು ಕೇಳಿದರು.

"ಆರು" ಅಂದೆ. ಗಾರ್ಡು ಬಾಗಿಲಲ್ಲೇ ಇದ್ದರು. ಕೇಳಿಸಿಕೊಂಡು ಹೊರಗೆ ಹೋದರು.

"ಆರು ವರ್ಷದ ಮಗುನ ಅಲ್ಲಿಗಾ?" ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ತಮ್ಮ, "ಆಕಿ ಸ್ಟ್ರಾಂಗ್ ಅದಾಳ್ರಿ ಮೇಡಂ, ಕಾಲು ಜಾರಿತು ಅಷ್ಟ" ಅಂದ. ಅವರು ತಣ್ಣಗೆ ಹೇಳಿದರು, "ಮಕ್ಕಳ ಮೈ ದೊಡ್ಡವರ ಮೈಗಿಂತ ಬೇಗ ಬಿಸಿ ಕಳೆದುಕೊಳ್ಳುತ್ತೆ. ಅದು ಸ್ಟ್ರಾಂಗ್ ಇದ್ದರೂ ಅಷ್ಟೇ. ಕಾಲು ಜಾರಿದ್ದಕ್ಕೆ ನೀವು ಇಳಿದ್ರಿ. ಜಾರದೇ ಇದ್ದಿದ್ದರೆ ಇನ್ನೂ ಮೇಲೇ ಇರ್ತಿದ್ರಿ. ಆಗ ಏನಾಗ್ತಿತ್ತು ಯೋಚನೆ ಮಾಡಿ."

ತಮ್ಮ ಗೋಡೆಗೆ ಒರಗಿ ಕುಳಿತು ಅತ್ತ. ಇಲ್ಲಿಗೆ ಎಲ್ಲ ಮುಗಿಯಿತು, ಬುದ್ಧಿ ಬಂತು ಅಂದುಕೊಂಡೆ. ನನ್ನ ದಡ್ಡತನ.

ಒಂದು ತಿಂಗಳು ಕಳೆಯುವುದರೊಳಗೆ ಶಿಗ್ಗಾವಿಯಲ್ಲಿ ಸನ್ಮಾನ ಅಂತ ಫೋನು ಬಂತು. ಗುಂಪಿನವರು ಯಾರೋ ಮುಂದಾಗಿ ಒಂದು ಸಭಾಭವನ ಹಿಡಿದಿದ್ದರು. ನಾನು ಹೋಗುವವಳಲ್ಲ, ಆದರೆ ಹುಡುಗಿಯನ್ನು ನೋಡಬೇಕಾಗಿತ್ತು. ವೇದಿಕೆಯ ಮೇಲೆ ದೊಡ್ಡ ಬ್ಯಾನರು. ಕುರ್ಚಿಯಲ್ಲಿ ಪ್ಲಾಸ್ಟರ್ ಕೈಯ ಹುಡುಗಿ, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಮೈಕಿನವನು, ಕೈ ಮುರಿದರೂ ಛಲ ಬಿಡದೆ ಶಿಖರ ಮುಟ್ಟಿದ ಬಾಲೆ ಎಂದು ಕೂಗಿದ. ಪರದೆಯ ಮೇಲೆ ವಿಡಿಯೊ ಬಂತು. "ದಣಿವಾಗೇತೇನು?" "ಇಲ್ಲ." "ಚಳಿ ಆಗಾಕತ್ತೈತೇನು?" "ಇಲ್ಲ." ಅಲ್ಲಿಗೆ ಕತ್ತರಿಸಿ ಬಾವುಟದ ಚಿತ್ರ ಅಂಟಿಸಿದ್ದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಪಕ್ಕ ಕುಳಿತಿದ್ದ ಅವಳ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಜೊತೆಗೆ ಹೋಗಿದ್ದ ಹುಡುಗಿಯ ಅತ್ತೆಯವರು ಎರಡು ಮಾತು ಆಡಬೇಕು" ಎಂದು ಮೈಕಿನವನು ನನ್ನನ್ನು ಕರೆದ. ಹೋದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು.

"ಈ ಕೂಸು ಶಿಖರ ಮುಟ್ಟಿಲ್ಲ. ಬಿದ್ದ ಮ್ಯಾಲ ಬೆನ್ನ ಮ್ಯಾಲ ಹೊತ್ತು ಇಳಿಸಿದ್ವಿ. ಹೊತ್ತವರು ಇಲ್ಲಿಲ್ಲ, ಅವರನ್ನ ಯಾರೂ ಕರದಿಲ್ಲ. ಆಕಿಗೆ ಚಳಿ ಆಗಿತ್ತು, ದಣಿವಾಗಿತ್ತು. ಅಪ್ಪಗ ಬ್ಯಾಸರ ಆಗಬಾರದು ಅಂತ ಇಲ್ಲ ಅಂದಾಳ. ಗೇಟಿನಾಗ ಆಕಿಗೆ ಹತ್ತು ವರ್ಷ ಅಂತ ಸುಳ್ಳ ಹೇಳಿದಾಕಿ ನಾನು. ಚಪ್ಪಾಳಿ ಹೊಡಿಯೋದಾದ್ರ ನಮ್ಮ ಸುಳ್ಳಿಗೆ ಹೊಡೀರಿ."

ಹುಡುಗಿಯ ಅವ್ವ ಎದ್ದು ವೇದಿಕೆಗೆ ಬಂದು, ಮಗಳ ಹೆಗಲ ಮೇಲಿನ ಶಾಲು ತೆಗೆದು ಕುರ್ಚಿಯ ಮೇಲಿಟ್ಟು, ಅವಳನ್ನು ಇಳಿಸಿಕೊಂಡು ಹೋದಳು. ಸಂಜೆಯ ಬಸ್ಸಿಗೆ ದುಂಡಸಿಗೆ, ತವರಿಗೆ. ಹೆರಿಗೆ ಆಗುವವರೆಗೂ ತಿರುಗಿ ಬರಲಿಲ್ಲ.

ತಮ್ಮ ಹೊರಗೆ ನನ್ನನ್ನು ಹಿಡಿದ. "ಮಂದಿ ಮುಂದ ನನ್ನ ಮಾನ ಕಳದಿ, ಅಕ್ಕಾ."

"ನೀ ಕೂಸಿನ್ನ ಕಳೀತಿದ್ದಿ" ಅಂದೆ.

ಆಮೇಲೆ ಬಹಳ ದಿನ ಮಾತಿಲ್ಲ. ಗುಂಪಿನವರು ನನ್ನ ಬಗ್ಗೆ ಏನೇನೋ ಬರೆದರಂತೆ. ಮಕ್ಕಳನ್ನು ಅಂಜುಬುರುಕರನ್ನಾಗಿ ಮಾಡುವ ಹಳೆಯ ಕಾಲದ ಟೀಚರು ಎಂದು. ಚಾಚಾನ ಮನೆಗೆ ನಾನೊಬ್ಬಳೇ ಹೋಗಿ ಬಂದೆ. ಅವರ ಸೊಂಟ ಎರಡು ವಾರ ಹಿಡಿದುಕೊಂಡು ಏಣಿ ಹತ್ತಲು ಆಗಿರಲಿಲ್ಲ. ಕೂಸು ಹೆಂಗ ಐತಿ ಅಂತ ಮಾತ್ರ ಕೇಳಿದರು.

ದುಂಡಸಿಯಲ್ಲಿ ಎರಡನೆಯ ಕೂಸಿನ ತೊಟ್ಟಿಲು ಕಾರ್ಯದ ದಿನ ತಮ್ಮ ಹಿತ್ತಲಿಗೆ ಬಂದು ನನ್ನ ಹತ್ತಿರ ನಿಂತ. "ಆಕಿ ಚಳಿ ಅಂತ ನನಗ ಹೇಳಲೇ ಇಲ್ಲ ಅಕ್ಕಾ."

"ನೀ ಕೇಳಿದಾಗ ನಿನ್ನ ಕೈಯಾಗ ಫೋನ್ ಇತ್ತು. ಆಕಿ ಅದಕ್ಕ ಉತ್ತರ ಕೊಟ್ಟಾಳ."

"ಆ ವಿಡಿಯೊ ಎಲ್ಲಾ ಅಳಿಸಿಬಿಟ್ಟೇನಿ" ಅಂದ. ಈಗಲೂ ಬೆಟ್ಟಕ್ಕೆ ಹೋಗುತ್ತಾನೆ, ದೊಡ್ಡವರ ಜೊತೆ ಮಾತ್ರ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬಂದಿಲ್ಲ. ಹುಡುಗಿಯ ಮೊಣಕೈ ಪೂರ್ತಿ ನೆಟ್ಟಗಾಗಲೇ ಇಲ್ಲ. ಶಾಲೆಯಲ್ಲಿ ಕವಾಯತಿಗೆ ನಿಂತಾಗ ಎಲ್ಲರ ಕೈ ನೇರ ಮೇಲೆ ಹೋದರೆ ಅವಳದು ಸ್ವಲ್ಪ ಬಾಗಿಯೇ ನಿಲ್ಲುತ್ತದೆ. ಅವಳ ಟೀಚರು ಮೊದಮೊದಲು ನೆಟ್ಟಗೆ ಮಾಡು ಎಂದು ಗದರಿದರಂತೆ.

ಈ ವರ್ಷ ನಮ್ಮ ಶಾಲೆಯ ಎರಡನೇ ಇಯತ್ತೆಯ ಒಬ್ಬ ಹುಡುಗಿಯ ಅಪ್ಪ ರಜೆ ಅರ್ಜಿ ಹಿಡಿದು ಬಂದ. ಉತ್ತರದ ಹಿಮದ ಬೆಟ್ಟವೊಂದಕ್ಕೆ ಮಗಳನ್ನು ಕರೆದೊಯ್ಯುತ್ತಾನಂತೆ. ನಾನು ಅರ್ಜಿಯನ್ನು ಮೇಜಿನ ಮೇಲಿಟ್ಟು, ಗೇಟಿನಿಂದ ಆಸ್ಪತ್ರೆಯವರೆಗೆ ಎಲ್ಲವನ್ನೂ ಹೇಳಿದೆ. ಅವನು ವಿನಯದಿಂದ ಕೇಳಿದ. ಆಮೇಲೆ ಅಂದ, "ನಮ್ಮ ಹುಡುಗಿ ಭಾಳ ಗಟ್ಟಿ ಅದಾಳ್ರಿ ಮೇಡಂ. ಆಕೀನ ಹೂಂ ಅಂದಾಳ."

ಸಹಿ ಮಾಡಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋಗಿ ಹುಡುಗಿಯ ಅವ್ವನನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಮತ್ತೊಮ್ಮೆ ಎಲ್ಲವನ್ನೂ ಹೇಳಿದೆ. ಅವರಿಗೆ ಎಷ್ಟು ಎತ್ತರ, ಎಷ್ಟು ಚಳಿ ಎಂದು ಯಾರೂ ಹೇಳಿಯೇ ಇರಲಿಲ್ಲ. ಅಜ್ಜಿ ಮಗನಿಗೆ ಮಾಡಿದ ಮಂಗಳಾರತಿ ಓಣಿಗೆಲ್ಲ ಕೇಳಿಸಿತು. ಮಗಳು ಹೋಗಲಿಲ್ಲ, ಅವನೊಬ್ಬನೇ ಹೋಗಿ ಬಂದ. ಈಗ ಪೇಟೆಯಲ್ಲಿ ನಾನು ಎದುರಾದರೆ ಮುಖ ತಿರುಗಿಸುತ್ತಾನೆ, ಮಂದಿಯ ಮನೆಯ ಉಸಾಬರಿ ಮಾಡುವ ಹೆಂಗಸು ಅಂತ ಅಂಗಡಿ ಕಟ್ಟೆಯಲ್ಲಿ ಕುಳಿತು ಹೇಳುತ್ತಾನಂತೆ.

ಹೇಳಲಿ. ಹುಡುಗಿ ದಿನಾ ಶಾಲೆಗೆ ಬರುತ್ತಾಳೆ.